ಮಂಡ್ಯದಲ್ಲಿ ಇ-ಸೈನ್ ಮಾಡಿಸಿದ್ವಿ: ಅಂಗಡಿಗೆ ನಾಲ್ಕು ಸ್ಟಾರ್, ಆ್ಯಪ್‌ಗೆ ಎರಡೇ

ಪೇಟೆ ಬೀದಿ ಹತ್ರ ಇರೋ ಒಂದು ಇ-ಸ್ಟಾಂಪ್ ಅಂಗಡಿ ಬಗ್ಗೆ ಇದು. ಹೆಸರು ಬರೀತಿಲ್ಲ, ಯಾಕಂದ್ರೆ ಅಂಗಡಿಯವರ ಕೆಲಸ ಅಚ್ಚುಕಟ್ಟಾಗೇ ಇದೆ, ತೊಂದರೆ ಇರೋದು ಅವರು ಬಳಸೋ ಇ-ಸೈನ್ ಆ್ಯಪ್‌ನಲ್ಲಿ.

ನಮ್ಮ ದೊಡ್ಡಪ್ಪನ ಆಲೆಮನೆ ಬೆಲ್ಲನ ಸೀಸನ್ ಪೂರ್ತಿ ಒಂದೇ ರೇಟಿಗೆ ತಗೋತೀನಿ ಅಂತ ಮೈಸೂರಿನ ವ್ಯಾಪಾರಿ ಒಬ್ರು ಮಾತಾಡಿದ್ರು, ಅದಕ್ಕೆ ಅಗ್ರಿಮೆಂಟು. ಅಚ್ಚು ಬೆಲ್ಲಕ್ಕೆ ಎಷ್ಟು, ಕುರಿಕಾಟಿಗೆ ಎಷ್ಟು, ದುಡ್ಡು ಯಾವಾಗ, ಲಾರಿ ಬಾಡಿಗೆ ಯಾರದು, ಎಲ್ಲಾ ಕೇಳ್ಕೊಂಡು ಟೈಪ್ ಮಾಡಿದ್ರು, ದೊಡ್ಡಪ್ಪಂಗೆ ಒಂದೊಂದು ಸಾಲೂ ಓದಿ ಹೇಳಿದ್ರು. ಆಮೇಲೆ ಆಧಾರ್ ನಂಬರ್, ಮೊಬೈಲ್‌ಗೆ ಓಟಿಪಿ, ಸೈನ್ ಆಗೋಯ್ತು. ಇಲ್ಲೀವರೆಗೂ ಬಹಳ ಸಲೀಸು.

ದೊಡ್ಡಪ್ಪಂದು ಆದ ತಕ್ಷಣ ಆ ಸೈನ್ ಇರೋ ಪಿಡಿಎಫ್ ಸೀದಾ ವ್ಯಾಪಾರಿ ಮೇಲ್‌ಗೆ ಹೋಯ್ತು ನೋಡಿ, ಅಲ್ಲಿಂದ ಶುರು. "ನಾಳೆ ಮಾಡ್ತೀನಿ ಬಿಡಿ ಗೌಡ್ರೇ" ಅಂತ ಅವರು ದಿನ ತಳ್ತಾನೇ ಇದ್ರು. ಎಪಿಎಂಸಿಲಿ ರೇಟು ಏರಿದ್ರೆ ಸೈನ್ ಹಾಕಿ ಹಳೇ ರೇಟಿಗೆ ತಗೋಬಹುದು, ಇಳಿದ್ರೆ ಸುಮ್ನೆ ಇದ್ದುಬಿಡಬಹುದು, ಅವರಿಗೇನು. ದೊಡ್ಡಪ್ಪ ಮಾತ್ರ ಬೇರೆಯವರಿಗೆ ಕೊಡೋಕೂ ಆಗ್ದೆ ಇಟ್ಕೊಳ್ಳೋಕೂ ಆಗ್ದೆ ಒದ್ದಾಡಿದ್ರು. ಸಾಲದ್ದಕ್ಕೆ ಅದೇ ಪಿಡಿಎಫ್‌ನ ಇನ್ನೊಂದು ಆಲೆಮನೆಯವರಿಗೆ ತೋರಿಸಿ "ನೋಡಿ, ಇವರೇ ಈ ರೇಟಿಗೆ ಒಪ್ಪವ್ರೆ" ಅಂತ ಚೌಕಾಸಿ ಮಾಡೋಕೂ ದಾರಿ ಇದೆ. "ರುಜು ಹಾಕ್ದೋನು ನಾನು, ಲಗಾಮು ಅವ್ನ ಕೈಲಿ" ಅಂದ್ರು ದೊಡ್ಡಪ್ಪ. ಎದುರಿನವರು ಒಪ್ಪೋಕೆ ಮುಂಚೆ ಪ್ರಸ್ತಾಪ ವಾಪಸ್ ತಗೋಬಹುದು ಅಂತ 1872ರ ಕರಾರು ಕಾಯ್ದೇಲೇ ಇದೆ, ಈ ಆ್ಯಪ್‌ನಲ್ಲಿ ಅದಕ್ಕೊಂದು ಬಟನ್ ಇಲ್ಲ!

ಬೇಜಾರಾಗೋದು ಯಾಕಂದ್ರೆ ಇದು ಹೊಸ ಸಮಸ್ಯೆ ಅಲ್ವೇ ಅಲ್ಲ. ಕ್ರಿಪ್ಟೋಗ್ರಫಿಯವರು, ಅಂದ್ರೆ ಡಿಜಿಟಲ್ ಬೀಗ-ಸಹಿಗಳ ಗಣಿತ ಮಾಡೋರು, ಇದನ್ನ ಫೇರ್ ಎಕ್ಸ್‌ಚೇಂಜ್ ಅಂತಾರೆ, ಇಬ್ರಿಗೂ ಸಿಗಬೇಕು ಇಲ್ಲ ಇಬ್ರಿಗೂ ಸಿಗಬಾರದು. ಮೆಸೇಜ್‌ಗಳು ಒಂದಾದ ಮೇಲೊಂದು ಹೋಗೋದ್ರಿಂದ ಯಾವುದೋ ಒಂದು ಹಂತದಲ್ಲಿ ಒಬ್ಬನ ಕೈಲಿ ಪೂರ್ತಿ ಇರುತ್ತೆ ಇನ್ನೊಬ್ಬನ ಕೈಲಿ ಇರಲ್ಲ, ಹಾಗಾಗಿ ನಿಗದಿತ ಹೆಜ್ಜೆಗಳಲ್ಲಿ ಮಧ್ಯಸ್ಥ ಇಲ್ದೆ ಇದು ಆಗಲ್ಲ ಅಂತ ಸಂಶೋಧಕರಾದ ಈವನ್, ಯಾಕೋಬಿ 1980ರಲ್ಲೇ ತೋರಿಸಿದ್ರು. ಆಮೇಲೆ 1985ರಲ್ಲಿ ಈವನ್, ಗೋಲ್ಡ್‌ರೈಖ್, ಲೆಂಪೆಲ್ ಇಬ್ರೂ ತಮ್ಮ ತಮ್ಮ ಗುಟ್ಟನ್ನ ಒಂದೊಂದೇ ಬಿಟ್ (0 ಇಲ್ಲ 1) ಆಗಿ ಸ್ವಲ್ಪ ಸ್ವಲ್ಪನೇ ಬಿಟ್ಟುಕೊಡೋ ದಾರಿ ಹುಡುಕಿದ್ರು, ಆದ್ರೆ ಜೋರಾದ ಕಂಪ್ಯೂಟರ್ ಇರೋನು ಉಳಿದಿದ್ದನ್ನ ತಾನೇ ಲೆಕ್ಕ ಹಾಕ್ಕೊಂಡ್ಬಿಡಬಹುದು.

ನನಗೆ ತುಂಬಾ ಹಿಡಿಸಿದ್ದು 1998ರಲ್ಲಿ ಅಸೋಕನ್, ಶೂಪ್, ವೈಡ್ನರ್ ಕೊಟ್ಟ ಉಪಾಯ. ನನ್ನ ಸೈನ್‌ನ ಮಧ್ಯಸ್ಥನ ಕೀಲಿಲಿ ಬೀಗ ಹಾಕಿ ಕಳಿಸ್ತೀನಿ, ಒಳಗಿರೋದು ಅಸಲಿ ಅಂತ ನೀವು ತೆಗೀದೇನೇ ಪರೀಕ್ಷೆ ಮಾಡ್ಕೋಬಹುದು. ನೀವು ನಿಮ್ಮ ಸೈನ್ ಕೊಡಿ, ನಾನು ಬೀಗ ಇಲ್ದಿರೋದು ಕೊಡ್ತೀನಿ. ನಾನು ಕೈಕೊಟ್ರೆ ನಿಮ್ಮ ಸೈನ್ ಮಧ್ಯಸ್ಥನಿಗೆ ಒಪ್ಪಿಸಿ ನನ್ನದನ್ನ ತೆಗೆಸ್ಕೊಳ್ಳಿ, ನೀವು ಸತಾಯಿಸಿದ್ರೆ ನಾನೇ ಹೋಗಿ ರದ್ದು ಮಾಡಿಸ್ತೀನಿ. ಜಗಳ ಇಲ್ದಿದ್ರೆ ಮಧ್ಯಸ್ಥನಿಗೆ ಕೆಲಸಾನೇ ಇಲ್ಲ. ಅರ್ಧ ಕರಾರು ಮೂರನೆಯವರಿಗೆ ತೋರಿಸಿ ಲಾಭ ಮಾಡ್ಕೊಳ್ಳೋ ಆಟಕ್ಕೂ ಗ್ಯಾರೇ, ಯಾಕೋಬ್ಸನ್, ಮೆಕೆಂಜಿ 1999ರಲ್ಲೇ ಪರಿಹಾರ ಬರೆದಿದ್ದಾರೆ. ಇಷ್ಟೆಲ್ಲಾ ಇದ್ದೂ ದುಡ್ಡು ತಗೊಳ್ಳೋ ಸರ್ವಿಸ್ ಮೊದಲು ಸೈನ್ ಹಾಕೋನನ್ನ ಹೀಗೆ ಬಯಲಲ್ಲಿ ನಿಲ್ಲಿಸೋದು ಸರಿಯಲ್ಲ.

ಅಂಗಡಿ ಹುಡುಗನಿಗೆ ಇದನ್ನೆಲ್ಲಾ ಹೇಳಿದ್ರೆ ತಾಳ್ಮೆಯಿಂದ ಕೇಳ್ದ, ಹುಡುಕಿ ಹುಡುಕಿ ಒಳಗೆಲ್ಲೋ ಒಂದು ಸೆಟ್ಟಿಂಗ್ ತೆಗೆದ, ಎಲ್ಲರೂ ಸೈನ್ ಮಾಡಿದ ಮೇಲಷ್ಟೇ ಕಾಪಿ ಕಳಿಸೋದು. ಹಳೇದನ್ನ ಬಿಟ್ಟು ಬೇರೆ ವ್ಯಾಪಾರಿ ಜೊತೆ ಹೊಸ ಅಗ್ರಿಮೆಂಟ್ ಅದರಲ್ಲೇ ಮಾಡಿಸಿದ್ವಿ, ಇಬ್ರ ಕೈಗೂ ಒಟ್ಟಿಗೇ ಬಂತು. ಇಲ್ಲಿ ಆ್ಯಪ್ ಕಂಪನಿ ಸರ್ವರೇ ಮಧ್ಯಸ್ಥ, ಅವರನ್ನ ನಂಬಲೇಬೇಕು, ರದ್ದು ಮಾಡೋಕೆ ಗಡುವು ಹಾಕೋ ಸೌಕರ್ಯ ಇನ್ನೂ ಇಲ್ಲ, ಅದಕ್ಕೇ ಎರಡು ಸ್ಟಾರ್. ಹೋಗೋರು ಓಟಿಪಿ ಹಾಕೋಕೆ ಮುಂಚೆ ಆ ಸೆಟ್ಟಿಂಗ್ ಆನ್ ಮಾಡ್ಸಿ, ಸ್ಕ್ರೀನ್ ತಿರುಗಿಸಿ ತೋರ್ಸಿ ಅನ್ನಿ, ಕೇಳಿದ್ರೆ ತೋರಿಸ್ತಾರೆ.