ಮಾಟುಂಗಾದ ಲೋಗೋ ಸ್ಟುಡಿಯೋ: ಡಿಸೈನ್‌ಗೆ ಹೋಗಿ, ಪ್ರಿಂಟಿಂಗ್‌ಗೆ ಬೇಡ

ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ಕೇಟರಿಂಗ್ ಮಾಡುವ ನಮ್ಮ ಭಾವನಿಗೆ ಲೋಗೋ, ವಿಸಿಟಿಂಗ್ ಕಾರ್ಡ್ ಬೇಕಿತ್ತು. ಮುಂಬೈನ ಮಾಟುಂಗಾದ ಒಂದು ಪುಟ್ಟ ಸ್ಟುಡಿಯೋದಲ್ಲಿ ಮಾಡಿಸಿದೆವು. ಹೆಸರು ಹಾಕಲ್ಲ, ಯಾಕಂದ್ರೆ ದೂರೋದೂ ಇದೆ.

ಡಿಸೈನರ್ ಹುಡುಗಿ ಜಾಣೆ. ಬಾಳೆಎಲೆ, ಸೌಟು ಅಂತ ಶುರು ಮಾಡಲೇ ಇಲ್ಲ. "ಇದು ಎಲ್ಲೆಲ್ಲಿ ಕಾಣಬೇಕು?" ಅಂತ ಕೇಳಿದಳು. ಕಾರ್ಡು, ಟೆಂಪೋ ಬಾಗಿಲು, ವಾಟ್ಸಾಪ್ ಡಿಪಿ, ಅಂಗಡಿ ಬೋರ್ಡು. ಬೋರ್ಡು ಅಂದ ಮೇಲೆ ದೇವನಾಗರಿ ಬಿಡೋ ಹಾಗಿಲ್ಲ. ಮಹಾರಾಷ್ಟ್ರದಲ್ಲಿ ಅಂಗಡಿ ಕಾಯ್ದೆಗೆ 2022ರ ತಿದ್ದುಪಡಿ ಬಂದಮೇಲೆ ಸಣ್ಣ ಅಂಗಡಿಗೂ ಮರಾಠಿ ಬೋರ್ಡು ಕಡ್ಡಾಯ, ಬೇರೆ ಲಿಪಿಯ ಅಕ್ಷರ ಅದಕ್ಕಿಂತ ದೊಡ್ಡದಿರುವಂತಿಲ್ಲ. ಭಾವನಿಗೆ ಕನ್ನಡವೂ ಬೇಕೇ ಬೇಕು. ಇಲ್ಲಿ ಎಷ್ಟೋ ಕಡೆ ಕನ್ನಡ ಅಂದ್ರೆ ಸಿಕ್ಕಿದ ಫಾಂಟ್ ಹಾಕಿ, ಒತ್ತಕ್ಷರ ಕೆಳಗಿನಿಂದ ಎದ್ದು ಪಕ್ಕಕ್ಕೆ ಬಂದು ಕೂತಿದ್ದರೂ ಗೊತ್ತಾಗದೆ ಹಾಗೇ ಪ್ರಿಂಟಿಗೆ ಕಳಿಸಿಬಿಡುತ್ತಾರೆ. ಇವಳು ಬಾಲೂ ಫಾಂಟ್ ತೋರಿಸಿದಳು. ಮುಂಬೈನ ಏಕ್ ಟೈಪ್‌ನವರು ಮಾಡಿದ್ದು, ಪುಕ್ಕಟೆ. ಕನ್ನಡದ್ದಕ್ಕೆ ಬಾಲೂ ತಮ್ಮ ಅಂತ ಹೆಸರು, ಮುದ್ದಾಗಿದೆ ಅಲ್ವಾ? ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಒಡಹುಟ್ಟಿದವರ ಥರ ಕೂತವು. ಲೋಗೋವನ್ನು ಮೊದಲು ಕಪ್ಪು-ಬಿಳುಪಿನಲ್ಲೇ ಒಪ್ಪಿಸಿ, ಬಣ್ಣ ಆಮೇಲೆ ತಂದಳು. ಅದೇ ಸರಿಯಾದ ಕ್ರಮ. ಬಿಲ್ ಬುಕ್ಕಿನಲ್ಲಿ ಬಣ್ಣ ಎಲ್ಲಿರುತ್ತದೆ?

ಅದೇ ಸ್ಟುಡಿಯೋದ ಪ್ರಿಂಟಿಂಗ್ ಕೌಂಟರಿನದೇ ತಲೆನೋವು. ಸ್ಕ್ರೀನ್ ಮೇಲೆ ಹೊಳೆಯುತ್ತಿದ್ದ ಎಳೆ ಹಸಿರು ಕಾರ್ಡಿನಲ್ಲಿ ಮಂಕಾಗಿ ಬಂತು. ಸ್ಕ್ರೀನಿನದು ಆರ್‌ಜಿಬಿ, ಅಂದ್ರೆ ಬೆಳಕಿನ ಬಣ್ಣ; ಪ್ರಿಂಟಿನದು ಸಿಎಂವೈಕೆ, ಅಂದ್ರೆ ನಾಲ್ಕು ಇಂಕಿನ ಬಣ್ಣ; ಅಷ್ಟು ಹೊಳಪು ಇಂಕಿನಲ್ಲಿ ಬರೋದೇ ಇಲ್ಲ. ಆದರೆ ಅದನ್ನು ಮೊದಲೇ ಹೇಳಿ ಒಂದು ಸ್ಯಾಂಪಲ್ ತೋರಿಸೋದು ಅವರ ಕೆಲಸ ತಾನೇ? ಕಾರ್ಡಿನ ಹಿಂದೆ ಯುಪಿಐ ಕ್ಯೂಆರ್ ಇತ್ತು. ಡಿಸೈನರ್ ಬಿಳಿ ಚೌಕದಲ್ಲಿ ಕಪ್ಪಾಗಿ ಇಟ್ಟಿದ್ದಳು. ಕೌಂಟರಿನವರು "ಮ್ಯಾಚಿಂಗ್ ಇರಲಿ" ಅಂತ ಸುಮ್ನೆ ಅದನ್ನು ಮರೂನ್ ಮೇಲೆ ಚಿನ್ನದ ಬಣ್ಣ ಮಾಡಿಬಿಟ್ಟರು. ನೋಡೋಕೆ ಚೆಂದ, ಸ್ಕ್ಯಾನ್ ಆಗಲ್ಲ! ಕೇಳಿದರೆ, "ನಂಬರ್ ಇದೆಯಲ್ಲ, ಟೈಪ್ ಮಾಡಲಿ" ಅಂದರು. ಕಾರ್ಡಿನ ಅಂಚಿನಲ್ಲಿ ಬಿಳಿ ಗೆರೆ ಬೇರೆ.

ಹೋಗೋದಾದರೆ ಬಾಕಿ ದುಡ್ಡು ಕೊಡುವ ಮೊದಲೇ ಲೋಗೋದ ಎಸ್‌ವಿಜಿ (ಎಷ್ಟು ದೊಡ್ಡದು ಮಾಡಿದರೂ ಮಸುಕಾಗದ ಫೈಲು), ಪಿಡಿಎಫ್ ಎರಡೂ ಈಸ್ಕೊಳ್ಳಿ. ಅಕ್ಷರಗಳನ್ನು ಕರ್ವ್ ಮಾಡಿಸಿ, ಅಂದ್ರೆ ಫಾಂಟ್ ಬೇಕಿಲ್ಲದ ಗೆರೆಚಿತ್ರವಾಗಿಸಿ, ಇಲ್ಲದಿದ್ದರೆ ಪ್ರೆಸ್ಸಿನವರ ಹಳೇ ಕೋರಲ್‌ಡ್ರಾ ಸಾಫ್ಟ್‌ವೇರಿನಲ್ಲಿ ಒತ್ತಕ್ಷರ ಮತ್ತೆ ಚೆದುರಬಹುದು. ಭಾವ ಎರಡನೇ ಲಾಟನ್ನು ಡೊಂಬಿವಲಿಯಲ್ಲೇ ದಪ್ಪನೆಯ 350 ಜಿಎಸ್‌ಎಂ ಮ್ಯಾಟ್ (ಹೊಳಪಿಲ್ಲದ) ಕಾರ್ಡಿನಲ್ಲಿ ಹಾಕಿಸಿದರು, ಹಸಿರು ಸ್ವಲ್ಪ ಕಡು ಮಾಡಿಸಿ.

ಡಿಸೈನ್‌ಗೆ ಐದಕ್ಕೆ ನಾಲ್ಕೂವರೆ. ಪ್ರಿಂಟಿಂಗ್‌ಗೆ ಒಂದು, ಅದೂ ಡೆಲಿವರಿ ಹೇಳಿದ ದಿನಕ್ಕೆ ಬಂತಲ್ಲ ಅಂತ.