ಹೊಸ ಕೋಳಿ ತಂದ ದಿನವೇ ಹಳೇ ಗೂಡಿಗೆ ಬಿಡಬೇಡಿ

ಯುಗಾದಿ ಹತ್ತಿರ ಬಂತು. ಹೊಸತೊಡಕಿನ ಸಲುವಾಗಿ ಸಂತೆಗಳಲ್ಲಿ, ಊರೂರು ತಿರುಗುವ ಟೆಂಪೋಗಳಲ್ಲಿ ಕೋಳಿ ವ್ಯಾಪಾರ ಜೋರಾಗಿದೆ. ಮನೆಯಲ್ಲಿ ಆಗಲೇ ನಾಲ್ಕಾರು ನಾಟಿ ಕೋಳಿ ಇವೆ, ಜೊತೆಗೆ ಇನ್ನೆರಡು ಇರಲಿ ಅಂತ ಕೊಳ್ಳುವವರು ದಯವಿಟ್ಟು ಇದನ್ನು ಓದಿ. ಹೋದ ಬೇಸಿಗೆಯಲ್ಲಿ ನಮ್ಮಮ್ಮನ ಹಿತ್ತಿಲು ನೋಡನೋಡುತ್ತಲೇ ಖಾಲಿಯಾಯಿತು.

ತಿಪಟೂರು ಕಡೆಯ ಹಳ್ಳಿ ನಮ್ಮದು. ಅಮ್ಮನ ಹತ್ತಿರ ಒಂದು ಹುಂಜ, ಏಳೆಂಟು ಹ್ಯಾಟೆ ಇದ್ದವು. ಒಂದು ಕಾವಿಗೆ ಕೂತಿತ್ತು. ಎಲ್ಲವೂ ಅದೇ ಹಿತ್ತಿಲಲ್ಲಿ ಮರಿಯಾಗಿ ಬೆಳೆದವು, ಹೊರಗಿಂದ ತಂದದ್ದು ಒಂದೂ ಇರಲಿಲ್ಲ. ಬೀದಿಗೆ ಬಂದ ವ್ಯಾಪಾರಿಯೊಬ್ಬ ಗಿರಿರಾಜ ತಳಿ ಅಂತ ಹೇಳಿ ಮೂರು ಹ್ಯಾಟೆ ಕೊಟ್ಟ. "ಲಸಿಕೆ ಎಲ್ಲಾ ಆಗದೆ ಕಣಮ್ಮ, ಏನೂ ಯೋಚ್ನೆ ಮಾಡ್ಬೇಡಿ" ಅಂದ. ಆ ಸಂಜೆಯೇ ಅವು ಹಳೆಯವುಗಳ ಜೊತೆ ಗೂಡು ಸೇರಿದವು.

ಮೊದಮೊದಲು ಎಲ್ಲರ ಗಮನ ಜಗಳದ ಮೇಲಿತ್ತು. ಹಳೇ ಹ್ಯಾಟೆಗಳು ಹೊಸವನ್ನು ಅಟ್ಟಾಡಿಸಿ ತಲೆ, ಜುಟ್ಟು ಕುಕ್ಕುತ್ತಿದ್ದವು, ನುಚ್ಚಿನ ಹತ್ತಿರವೂ ಬಿಡುತ್ತಿರಲಿಲ್ಲ. ಕೋಳಿಗಳಲ್ಲಿ ಯಾರು ಮೊದಲು ತಿನ್ನಬೇಕು, ಯಾರು ಕೊನೆಗೆ ಅನ್ನುವುದು ಮೊದಲೇ ತೀರ್ಮಾನವಾಗಿರುತ್ತದೆ, ಹೊಸಬರು ಬಂದರೆ ಅದೆಲ್ಲ ಮತ್ತೆ ಶುರು. ಹೊಸವುಗಳಲ್ಲಿ ಒಂದು ಗರಿ ಕೆದರಿಕೊಂಡು, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಮೂಲೆ ಹಿಡಿದಿತ್ತು. ಪೆಟ್ಟು ತಿಂದು ಹೆದರಿದೆ, ಹೊಂದಿಕೊಂಡರೆ ಸರಿಹೋಗುತ್ತದೆ ಅಂತ ಅಕ್ಕಪಕ್ಕದವರೆಲ್ಲ ಹೇಳಿದರು. ಅದಕ್ಕೆ ಆಗಲೇ ಕಾಯಿಲೆ ಹತ್ತಿತ್ತು.

ನಾನು ಒತ್ತಿ ಹೇಳಬೇಕಿರುವುದು ಇದನ್ನೇ. ಹೊಸ ಕೋಳಿ ಬಿಟ್ಟಾಗ ಜನ ಕೇಳುವುದು "ಕಚ್ಚಾಡುತ್ತವಾ?" ಅಂತ. ಆ ಕುಕ್ಕಾಟದ ಗದ್ದಲದಲ್ಲಿ ರೋಗ ಕಾಣುವುದೇ ಇಲ್ಲ, ಮಂಕಾಗಿ ನಿಂತ ಕೋಳಿಗೆಲ್ಲ ಹೆದರಿಕೆ ಅನ್ನುವ ಕಾರಣ ಸಿಕ್ಕಿಬಿಡುತ್ತದೆ. ಅನುಮಾನ ಬಂದರೆ ಆ ಕೋಳಿಯನ್ನು ಒಂದೇ ಬೇರೆ ಕಡೆ ಮುಚ್ಚಿ, ಕಾಳು ನೀರು ಇಡಿ. ಪೆಟ್ಟು ತಿಂದು ಹೆದರಿದ್ದು ಸ್ವಲ್ಪ ಹೊತ್ತಿಗೆ ಗಬಗಬ ತಿನ್ನುತ್ತದೆ. ಕಾಯಿಲೆಯದ್ದು ಕಾಳು ಮುಂದಿದ್ದರೂ ತೂಕಡಿಸುತ್ತದೆ.

ಆಮೇಲೆ ಎಲ್ಲ ಬೇಗ ಬೇಗ ಆಯಿತು. ಹಸಿರು ಬಿಳಿ ಬೆರೆತ ನೀರು ಹಿಕ್ಕೆ, ಕತ್ತು ಚಾಚಿ ಬಾಯಿ ತೆರೆದು ಉಸಿರಾಟ, ಕೆಲವಕ್ಕೆ ಕತ್ತು ತಿರುಚಿಕೊಂಡು ಕಾಲಿನ ಸ್ವಾಧೀನ ತಪ್ಪಿತು. ಪಶು ಆಸ್ಪತ್ರೆಯ ಡಾಕ್ಟರು ನೋಡಿ ಕೊಕ್ಕರೆ ರೋಗ ಅಂದರು. ರಾಣಿಖೇತ್ ಅನ್ನುವುದೂ ಇದನ್ನೇ. ಇದು ವೈರಸ್ಸಿನಿಂದ ಬರುವುದು, ಬಂದ ಮೇಲೆ ವಾಸಿ ಮಾಡುವ ಔಷಧಿಯಿಲ್ಲ. ಮೆಡಿಕಲ್ ಶಾಪಿನ ಆಂಟಿಬಯಾಟಿಕ್ ಪುಡಿ ನೀರಿಗೆ ಬೆರೆಸಿ ಕೊಟ್ಟರೂ ವೈರಸ್ಸಿಗೆ ಏನೂ ಆಗುವುದಿಲ್ಲ. ಕಾವಿಗೆ ಕೂತಿದ್ದ ಹ್ಯಾಟೆಯೂ ಮೊಟ್ಟೆಯ ಮೇಲೇ ಸತ್ತಿತ್ತು. ಅಮ್ಮ ಊಟ ಬಿಟ್ಟು ಕೂತರು.

ವ್ಯಾಪಾರಿಗಳ ಮಾತು ಯಾಕೆ ನಂಬಬಾರದು ಅಂದರೆ, ಊರಲ್ಲಿ ಕೋಳಿ ಸಾಯಲು ಶುರುವಾದ ಕೂಡಲೇ ಜನ ಉಳಿದವನ್ನು ಸಿಕ್ಕಿದ ಬೆಲೆಗೆ ಮಾರುತ್ತಾರೆ. ಹತ್ತು ಊರಿನ ಕೋಳಿ ಒಂದೇ ಮಂಕರಿಗೆ ಬೀಳುತ್ತವೆ. ರೋಗ ತಗುಲಿ ಲಕ್ಷಣ ಕಾಣಲು ಎರಡು ದಿನವೂ ಆಗಬಹುದು, ಎರಡು ವಾರವೂ ಆಗಬಹುದು. ಕೊಳ್ಳುವಾಗ ಅದು ಚೂಟಿಯಾಗೇ ಓಡಾಡುತ್ತಿರುತ್ತದೆ. ಲಸಿಕೆ ಹಾಕಿಸಿದ್ದೇ ನಿಜ ಅಂದುಕೊಂಡರೂ, ಅಂಥ ಕೋಳಿ ತಾನು ಗಟ್ಟಿಯಾಗಿದ್ದು ಹಿಕ್ಕೆಯಲ್ಲಿ ವೈರಸ್ ಹೊರಹಾಕಬಲ್ಲದು, ಲಸಿಕೆ ಕಾಣದ ನಿಮ್ಮ ನಾಟಿ ಕೋಳಿ ಸಾಯುತ್ತದೆ. ದೀರ್ಘಕಾಲದ ಉಸಿರಾಟದ ಕಾಯಿಲೆ ಸಿಆರ್‌ಡಿಯಂತೂ ವಾಸಿಯಾದಂತೆ ಕಂಡ ಕೋಳಿಯಲ್ಲೂ ಕೊನೆತನಕ ಉಳಿದಿರುತ್ತದೆ.

ಆದ್ದರಿಂದ ಯಾರೇ ಕೊಟ್ಟಿರಲಿ, ತವರಿಂದಲೇ ಬಂದಿರಲಿ, ಹೊಸ ಕೋಳಿ ಒಂದು ತಿಂಗಳು ಬೇರೆ ಇರಬೇಕು. ಬೇರೆ ಅಂದರೆ ಅದೇ ಗೂಡಿನಲ್ಲಿ ಅಡ್ಡ ಹಲಗೆ ಇಡುವುದಲ್ಲ. ಮನೆಯ ಇನ್ನೊಂದು ಬದಿ, ಸಾಧ್ಯವಾದಷ್ಟು ದೂರ. ನೀರಿನ ಬಟ್ಟಲು, ಕಾಳಿನ ತಟ್ಟೆ, ಪೊರಕೆ ಎಲ್ಲ ಬೇರೆ. ಬೆಳಗ್ಗೆ ಮೊದಲು ಹಳೇ ಕೋಳಿಗಳ ಕೆಲಸ ಮುಗಿಸಿ ಆಮೇಲೆ ಹೊಸವುಗಳ ಹತ್ತಿರ ಹೋಗಿ, ಬಂದು ಕೈಕಾಲು ತೊಳೆಯಿರಿ. ಚಪ್ಪಲಿಗೆ ಅಂಟಿದ ಹಿಕ್ಕೆಯಲ್ಲೂ ರೋಗ ದಾಟುತ್ತದೆ. ದಿನಾ ಹಿಕ್ಕೆ ನೋಡಿ, ರಾತ್ರಿ ಕೂತ ಮೇಲೆ ಹತ್ತಿರ ನಿಂತು ಗೊರಗೊರ ಸದ್ದಿದೆಯಾ ಕೇಳಿ, ರೆಕ್ಕೆ ಎತ್ತಿ, ಬಾಲದ ಬುಡದ ಗರಿ ಬಿಡಿಸಿ ಹೇನು ಇದೆಯಾ ನೋಡಿ.

ತಿಂಗಳು ನೆಟ್ಟಗೆ ಕಳೆದರೆ ಆಮೇಲೆ ಜಗಳದ ಯೋಚನೆ. ಒಂದು ವಾರ ನಡುವೆ ಜಾಲರಿ ಇಟ್ಟು ಒಂದನ್ನೊಂದು ನೋಡಲು ಬಿಡಿ. ಒಂಟಿ ಕೋಳಿಯನ್ನು ಬಿಡಬೇಡಿ, ಎರಡು ಮೂರು ಒಟ್ಟಿಗಿದ್ದರೆ ಪೆಟ್ಟು ಹಂಚಿಹೋಗುತ್ತದೆ. ಸಣ್ಣ ಎಳೆ ಕೋಳಿಗಳಾದರೆ ಬಲಿಯುವವರೆಗೆ ಕಾಯಿರಿ. ಬಿಟ್ಟ ದಿನ ಕಾಳು ನೀರನ್ನು ಮೂರ್ನಾಲ್ಕು ಕಡೆ ಇಡಿ. ಅಟ್ಟಾಡಿಸುವುದಕ್ಕೆ ಗಾಬರಿಯಾಗಬೇಕಿಲ್ಲ, ಆದರೆ ರಕ್ತ ಕಂಡ ತಕ್ಷಣ ಆ ಕೋಳಿಯನ್ನು ಎತ್ತಿಕೊಳ್ಳಿ. ಕೆಂಪು ಕಂಡರೆ ಉಳಿದವೆಲ್ಲ ಅಲ್ಲೇ ಕುಕ್ಕಿ ಕೊಂದೇಬಿಡಬಹುದು.

ಸತ್ತ ಕೋಳಿಯನ್ನು ಬೇಲಿಗೆ, ಕೆರೆಗೆ ಎಸೆಯಬೇಡಿ. ನಾಯಿ ಕಾಗೆ ಎಳೆದು ಊರಿಗೆಲ್ಲ ಹಬ್ಬಿಸುತ್ತವೆ. ಆಳ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿ. ಒಮ್ಮೆಗೇ ಹಲವು ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ. 2025ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಲ್ಲಿ ಹಕ್ಕಿ ಜ್ವರ ಪತ್ತೆಯಾದದ್ದು ಮನೆಗಳಲ್ಲಿ ಸಾಕಿದ ಕೋಳಿಗಳಲ್ಲೇ. ನೋಡಿ ಹೇಳಲು ಅದಕ್ಕೂ ಕೊಕ್ಕರೆ ರೋಗಕ್ಕೂ ಬಹಳ ವ್ಯತ್ಯಾಸ ಇರುವುದಿಲ್ಲ.

ಕೊಕ್ಕರೆ ರೋಗಕ್ಕೆ ಲಸಿಕೆ ಇದೆ. ಮರಿಗಳಿಗೆ ಮೊದಲ ವಾರದಲ್ಲೇ ಕಣ್ಣಿಗೆ ಮೂಗಿಗೆ ಹನಿ, ಎಂಟು ವಾರ ದಾಟಿದ ಮೇಲೆ ಇಂಜೆಕ್ಷನ್. ತೊಂದರೆ ಏನೆಂದರೆ ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟಿರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ನಾಲ್ಕು ಕೋಳಿ ಇರುವವರು ಅದಕ್ಕೇ ಹಾಕಿಸುವುದಿಲ್ಲ. ಈ ಸಲ ನಮ್ಮ ಬೀದಿಯವರು ಸೇರಿ ಒಂದೇ ಸೀಸೆ ತರಿಸುತ್ತಿದ್ದೇವೆ. ಅದನ್ನು ತರಲು ಐಸ್ ಹಾಕಿದ ಫ್ಲಾಸ್ಕ್ ತೆಗೆದುಕೊಂಡು ಹೋಗಬೇಕು, ಬೆಳಗ್ಗೆ ಗೂಡು ತೆರೆಯುವ ಮೊದಲೇ ಎಲ್ಲ ಮನೆಯ ಕೋಳಿಗಳಿಗೂ ಹಾಕಿ ಮುಗಿಸಬೇಕು. ನಿಮ್ಮ ಬೀದಿಯಲ್ಲೂ ಹಬ್ಬಕ್ಕೆ ಎರಡು ವಾರ ಮುಂಚೆಯೇ ಕೇಳಿ ನೋಡಿ, ಲಸಿಕೆ ಮೈಗೆ ಹತ್ತಲು ಅಷ್ಟು ದಿನ ಬೇಕು.