ಸ್ಥಳೀಯ ಸಂಸ್ಥೆಯ ಪತ್ರಿಕಾ ವಿಭಾಗ: ಉತ್ತರ ಸಿಗುತ್ತದೆ, ಪ್ರಶ್ನೆ ಗಟ್ಟಿಯಿದ್ದರೆ

ವರದಿಗಾರರಿಗೆ ಸಿಗುವ ಸೇವೆ ಅಂತ ನೋಡಿದರೆ ಈ ವಿಭಾಗಕ್ಕೆ ಐದಕ್ಕೆ ಮೂರು ಅಂಕ. ಫೋನಿನಲ್ಲಿ ಕೇಳಿದ್ದಕ್ಕೆ ಸಿಗುವುದು ಬರೀ ಬಾಯಿಮಾತು. ಮರುದಿನ ‘ಹಾಗೆ ಹೇಳಿಯೇ ಇಲ್ಲ’ ಅನ್ನಬಹುದು. ಈಮೇಲಿನಲ್ಲಿ, ಪ್ರತಿ ಪ್ರಶ್ನೆಗೂ ಕ್ರಮಸಂಖ್ಯೆ ಹಾಕಿ, ವರದಿ ಯಾವಾಗ ಅಚ್ಚಿಗೆ ಹೋಗುತ್ತದೆ ಎಂದು ಗಂಟೆ ಸಮೇತ ಬರೆದು ಕಳಿಸುವುದೇ ಸರಿ. ನಾಲ್ಕೈದು ಪ್ರಶ್ನೆ ಸಾಕು. ಹತ್ತಾದರೆ ಪತ್ರ ಮೂರು ವಿಭಾಗಗಳ ಮೇಜು ಸುತ್ತಿ, ಸುಲಭದ ಎರಡಕ್ಕಷ್ಟೇ ಉತ್ತರ ಹೊತ್ತು ಬರುತ್ತದೆ.

ಎಡವಟ್ಟಾಗುವುದು ಹಣದ ವಿಷಯದಲ್ಲೇ. ‘ಚರಂಡಿಗೆ ಎಷ್ಟು ಖರ್ಚಾಯಿತು?’ ಎಂದು ಕೇಳಿದರೆ ಬಜೆಟ್ಟಿನಲ್ಲಿ ಮೀಸಲಿಟ್ಟ ಮೊತ್ತ ಹೇಳಿ ಕೈತೊಳೆದುಕೊಳ್ಳುತ್ತಾರೆ. ಮೀಸಲಿಟ್ಟದ್ದು, ಮಂಜೂರಾದದ್ದು, ಟೆಂಡರ್ ಮೊತ್ತ, ಗುತ್ತಿಗೆದಾರನಿಗೆ ಪಾವತಿಯಾದದ್ದು, ಈ ನಾಲ್ಕೂ ಬೇರೆ ಬೇರೆ. ಯಾವುದು ಬೇಕೋ ಅದನ್ನೇ ಹೆಸರಿಸಿ. ಯಾವ ರಸ್ತೆ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಎಂಬುದೂ ಇರಲಿ. ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ (ಎಷ್ಟು ಅನುಕೂಲದ ಪದ!) ಬಂದರೆ, ಕಡತ ಯಾರ ಮೇಜಿನ ಮೇಲೆ, ಎಂದಿನಿಂದ ಇದೆ ಎಂದು ಮರುಪ್ರಶ್ನೆ ಹಾಕಿ.

ಅಧ್ಯಕ್ಷರ ಹೇಳಿಕೆ ರಾಜಕೀಯ ನಿಲುವು, ಅಧಿಕಾರಿಯ ಉತ್ತರ ಕಡತದ್ದು. ವರದಿಯಲ್ಲಿ ಎರಡನ್ನೂ ‘ಸಂಸ್ಥೆ ತಿಳಿಸಿದೆ’ ಎಂದು ಒಂದೇ ಗೋಣಿಗೆ ತುಂಬಿದರೆ ಸ್ಪಷ್ಟೀಕರಣ ಹಾಕಬೇಕಾಗುತ್ತದೆ.